ಅವರು ನಮಗೇನಾಗಬೇಕು?

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವನು ಕದಂಬರಿಂದ ಮಾತನ್ನು ತೊಡಗಿ, ಚಾಲುಕ್ಯ ರಾಷ್ಟ್ರಕೂಟರನ್ನು ಸುತ್ತಿ, ವಿಜಯನಗರಕ್ಕೆ ಬಂದು ನಿಲ್ಲಬೇಕೆಂಬುದು ಒಂದು ರೂಢಿ. ಆ ರೂಢಿಯನ್ನು ನಾನು ಇಂದು ಮುರಿಯುತ್ತಿದ್ದೇನೆ. ತಾವು ಕ್ಷಮಿಸಬೇಕು. ನಾನು ಆರಿಸಿಕೊಂಡ ವಿಷಯ ನಮ್ಮ ಮಕ್ಕಳ ಪರೀಕ್ಷೆಯ ಒಂದು ಸಣ್ಣ ಪ್ರಶ್ನೆ. ಅವರು ಅದನ್ನು ‘ಬ್ಲಡ್ ರಿಲೇಶನ್’ ಎನ್ನುತ್ತಾರೆ. ರಕ್ತಸಂಬಂಧದ ಒಗಟು ಎಂದು ನಾವು ಕರೆಯೋಣ. ಇದನ್ನೇ ಏಕೆ ಆರಿಸಿಕೊಂಡೆನೆಂಬುದಕ್ಕೆ ಒಂದು ಕಾರಣವುಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಒಂದು ಒಗಟನ್ನು ತಮ್ಮ ಮುಂದಿಡುತ್ತೇನೆ. ಒಬ್ಬ ಹೆಣ್ಣುಮಗಳು ಒಬ್ಬ ಹುಡುಗನನ್ನು ತೋರಿಸಿ, ‘ಇವನ ತಂದೆಯು ನನ್ನ ಅಜ್ಜನಿಗೆ ಒಬ್ಬನೇ ಮಗ’ ಎಂದಳು. ಆ ಹುಡುಗ ಅವಳಿಗೆ ಏನಾಗಬೇಕು?

‘ತಮ್ಮ’ ಎಂದು ಕೆಲವರು ಹೇಳುತ್ತಿದ್ದೀರಿ. ಹಿಂದಿನ ಸಾಲಿನಿಂದ ‘ಸೋದರಮಾವನ ಮಗ’ ಎಂಬ ಧ್ವನಿಯೂ ಕೇಳಿತು. ಇಬ್ಬರೂ ಸರಿಯೇ. ಅಜ್ಜ ಎಂದರೆ ತಂದೆಯ ತಂದೆಯಾದರೆ, ಅವರ ಒಬ್ಬನೇ ಮಗ ಅವಳ ತಂದೆ. ಹುಡುಗ ಅವಳ ಒಡಹುಟ್ಟಿದವನು. ಅಜ್ಜ ಎಂದರೆ ತಾಯಿಯ ತಂದೆಯಾದರೆ, ಆ ಒಬ್ಬನೇ ಮಗ ಅವಳ ಸೋದರಮಾವ; ಹುಡುಗ ಮಾವನ ಮಗ. ಪ್ರಶ್ನೆಯಲ್ಲಿ ಎರಡರಲ್ಲೊಂದೆಂದು ಹೇಳಿಲ್ಲ. ಹೇಳದೆ ಬಿಟ್ಟದ್ದನ್ನು ನಾವು ನಮ್ಮ ನಮ್ಮ ಮನೆಯ ವಾಡಿಕೆಯಿಂದ ತುಂಬಿಕೊಂಡೆವು. ಅಜ್ಜನ ಮನೆ ಎಂದೊಡನೆ ಯಾರ ಮನಸ್ಸು ತಾಯಿಯ ತವರಿಗೆ ಓಡುತ್ತದೆಯೋ ಅವರು ‘ಮಾವನ ಮಗ’ ಎಂದರು. ಈ ಜಾತಿಯ ಒಗಟುಗಳಲ್ಲಿ ಹುಡುಗರು ಬೀಳುವ ಹಳ್ಳಗಳಲ್ಲಿ ಇದೇ ಮೊದಲನೆಯದು: ಹೇಳದ್ದನ್ನು ಊಹಿಸಿಕೊಳ್ಳುವುದು.

ಇಂಥ ಪ್ರಶ್ನೆಗಳು ಇಂದು ಎಲ್ಲಿಲ್ಲ? ನಮ್ಮ ಪುಣೆಯಲ್ಲೇ ಇರುವ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ಶಾಲೆಯ ಮಕ್ಕಳಿಗಾಗಿ ನಡೆಸುವ ಶಿಷ್ಯವೇತನ ಪರೀಕ್ಷೆಯಲ್ಲಿ ಭಾಷೆ, ಗಣಿತಗಳ ಜತೆಗೆ ಬುದ್ಧಿಮತ್ತೆಯ ಪರೀಕ್ಷೆಯೂ ಉಂಟು. ಬ್ಯಾಂಕಿನ ನೌಕರಿಗೆ ಕೂಡುವವರಿಗೆ ತಾರ್ಕಿಕ ವಿಚಾರವೆಂಬ ಒಂದು ಭಾಗವೇ ಇದೆ. ಕೇಂದ್ರ ಲೋಕಸೇವಾ ಆಯೋಗವು 2011ರಲ್ಲಿ ತನ್ನ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯನ್ನು ಬದಲಿಸಿದಾಗ ತಾರ್ಕಿಕ ವಿಚಾರಶಕ್ತಿಗೆ ಅಲ್ಲಿಯೂ ಸ್ಥಾನ ದೊರೆಯಿತು. ಸದಾಶಿವ ಪೇಟೆಯ ಓಣಿಗಳಲ್ಲಿ ನಡೆದುಹೋಗುವಾಗ, ಅಭ್ಯಾಸಿಕೆಗಳ ಮುಂದೆ ಚಹಾದ ಲೋಟ ಹಿಡಿದು ನಿಂತ ತರುಣ ತರುಣಿಯರು ‘ಅವನ ಬಾಯಕೋಚ್ಯಾ ಭಾವಾಚಾ ಮುಲಗಾ’ ಎಂದು ವಾದ ಮಾಡುತ್ತಿದ್ದರೆ, ಯಾರದೋ ಮನೆಯ ವ್ಯಾಜ್ಯವೆಂದು ತಾವು ಗಾಬರಿಪಡಬೇಕಾಗಿಲ್ಲ. ಅವರು ಪಾಠ ಓದುತ್ತಿದ್ದಾರೆ.

ಇವುಗಳನ್ನು ಬಿಡಿಸುವ ಕ್ರಮ ಕಷ್ಟವಾದುದಲ್ಲ. ನಾಲ್ಕು ಮಾತುಗಳಲ್ಲಿ ಹೇಳುತ್ತೇನೆ.

ಮೊದಲನೆಯದು, ಬಾಯಿಲೆಕ್ಕ ಮಾಡದೆ ಚಿತ್ರ ಬರೆಯಬೇಕು. ಅಜ್ಜ ಅಜ್ಜಿಯರು ಮೇಲಿನ ಸಾಲಿನಲ್ಲಿ, ತಂದೆ ತಾಯಿಗಳು ನಡುವೆ, ಮಕ್ಕಳು ಕೆಳಗೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಗಂಡಹೆಂಡಿರ ನಡುವೆ ಎರಡು ಗೆರೆ, ಒಡಹುಟ್ಟಿದವರ ನಡುವೆ ಒಂದು ಗೆರೆ, ತಂದೆಯಿಂದ ಮಗುವಿಗೆ ಇಳಿಯುವ ಗೆರೆ. ವಂಶದಲ್ಲಿ ಬರುವ ರೋಗಗಳನ್ನು ವಿಚಾರಿಸುವ ವೈದ್ಯರು ಬರೆಯುವುದೂ ಇಂಥ ಚೌಕ ವೃತ್ತಗಳನ್ನೇ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಹಾಕಬಲ್ಲ ಹುಡುಗಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಎರಡನೆಯದು, ‘ನಾನು’ ಎಂಬಲ್ಲಿಂದ ಹೊರಡಬೇಕು. ಒಬ್ಬ ಗೃಹಸ್ಥರು ಒಂದು ಭಾವಚಿತ್ರವನ್ನು ತೋರಿಸಿ, ‘ಈಕೆಯ ಅಣ್ಣನ ತಂದೆ, ನನ್ನ ತಂದೆಯ ತಂದೆಯ ಒಬ್ಬನೇ ಮಗ’ ಎಂದರು. ಈಕೆ, ಅಣ್ಣ, ತಂದೆ ಎಂದು ಆ ಕಡೆಯಿಂದ ಹೊರಟವನು ದಾರಿ ತಪ್ಪುತ್ತಾನೆ. ‘ನನ್ನ’ ಎಂಬಲ್ಲಿ ಹಿಡಿಯಿರಿ. ನನ್ನ ತಂದೆಯ ತಂದೆ ಅಜ್ಜ. ಅಜ್ಜನ ಒಬ್ಬನೇ ಮಗ ನನ್ನ ತಂದೆ. ಈಕೆಯ ಅಣ್ಣನ ತಂದೆಯೂ ಅವರೇ ಆದಮೇಲೆ ಈಕೆ ನನ್ನ ಒಡಹುಟ್ಟಿದವಳು. ಆ ‘ಅಣ್ಣ’ ನಾನೇ ಆಗಿದ್ದರೂ ಆಶ್ಚರ್ಯವಿಲ್ಲ! ಇಲ್ಲಿ ಕನ್ನಡದ ಒಂದು ಸೌಕರ್ಯವನ್ನು ಗಮನಿಸಬೇಕು. ‘ನನ್ನ ತಂದೆಯ ತಂದೆಯ ಮಗ’ ಎಂದು ನಾವು ನಮ್ಮಿಂದಲೇ ಹೊರಟು ಒಂದೊಂದೇ ಮೆಟ್ಟಿಲು ಏರಿ ಇಳಿಯುತ್ತೇವೆ. ಇಂಗ್ಲಿಷ್ ಪ್ರಶ್ನೆಯಲ್ಲಿ ಅನೇಕ ವೇಳೆ ಮಗ ಮೊದಲು ಬಂದು, ಅಜ್ಜ ಆಮೇಲೆ ಬಂದು, ‘ನಾನು’ ಕಟ್ಟಕಡೆಗೆ ಬರುತ್ತಾನೆ. ಪ್ರಶ್ನೆಯನ್ನು ಮನಸ್ಸಿನಲ್ಲಿ ಒಮ್ಮೆ ಕನ್ನಡಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ.

ಮೂರನೆಯದು, ‘ಒಬ್ಬನೇ’, ‘ಒಬ್ಬಳೇ’ ಎಂಬ ಮಾತುಗಳನ್ನು ನುಂಗಬಾರದು. ಹೆಸರನ್ನು ನೋಡಿ ಗಂಡು ಹೆಣ್ಣೆಂದು ತೀರ್ಮಾನಿಸಲೂ ಬಾರದು. ಈಗ ಅಕ್ಷರಗಳಲ್ಲಿ ಕೇಳುವ ರೀತಿಯೊಂದಿದೆ. ಕೂಡಿಸುವ ಗುರುತಿಗೆ ‘ತಂದೆ’ ಎಂದೂ, ಕಳೆಯುವ ಗುರುತಿಗೆ ‘ಹೆಂಡತಿ’ ಎಂದೂ, ಗುಣಿಸುವ ಗುರುತಿಗೆ ‘ಸೋದರ’ ಎಂದೂ ಅರ್ಥವಿಟ್ಟು, ‘ಪ − ಬ + ಮ × ಯ’ ಎಂದು ಬರೆಯುತ್ತಾರೆ. ಪ ಎಂಬಾಕೆ ಬ ಎಂಬಾತನ ಹೆಂಡತಿ. ಬ ಮನ ತಂದೆ. ಮ ಯನ ಸೋದರ. ಹಾಗಾದರೆ ಪ ಯನ ತಾಯಿ. ಇಷ್ಟು ಸರಿ. ಆದರೆ ಯ ಪಳಿಗೆ ಏನಾಗಬೇಕು ಎಂದು ಕೇಳಿದರೆ? ‘ಮಗ’ ಎಂದು ಬರೆದು ಅಂಕ ಕಳೆದುಕೊಂಡವರು ಬಹಳ. ಮ ಗಂಡೆಂದು ತಿಳಿಯಿತೇ ಹೊರತು ಯ ಗಂಡೋ ಹೆಣ್ಣೋ ಯಾರೂ ಹೇಳಲಿಲ್ಲ. ‘ಮಗ ಅಥವಾ ಮಗಳು, ನಿಶ್ಚಯವಿಲ್ಲ’ ಎಂಬುದೇ ಸರಿಯುತ್ತರ.

ನಾಲ್ಕನೆಯದು, ಒಬ್ಬನೇ ಮನುಷ್ಯ ಎರಡು ಸಂಬಂಧಗಳಲ್ಲಿ ನಿಲ್ಲಬಲ್ಲನೆಂಬುದನ್ನು ಮರೆಯಬಾರದು. ಇಬ್ಬರು ತಂದೆಯರು, ಇಬ್ಬರು ಗಂಡುಮಕ್ಕಳು ಮೂರೇ ಹೋಳಿಗೆಗಳನ್ನು ತಲೆಗೊಂದರಂತೆ ತಿಂದರೆಂಬ ಒಗಟು ತಮಗೆ ಗೊತ್ತಿದೆ. ಅಜ್ಜ, ಅಪ್ಪ, ಮಗ. ನಡುವಿನವನು ಮಗನೂ ಹೌದು, ತಂದೆಯೂ ಹೌದು.

ಕ್ರಮ ಇಷ್ಟೇ. ಆದರೆ ಕ್ರಮ ಬಲ್ಲ ಹುಡುಗರೂ ತಪ್ಪುವ ಒಂದು ಸ್ಥಳವಿದೆ. ಅದು ಲೆಕ್ಕದ್ದಲ್ಲ, ಮಾತಿನದು. ಪುಣೆಯಲ್ಲಿ ಬೆಳೆದ ನಮ್ಮ ಮಗುವಿನ ಕಿವಿಯ ಮೇಲೆ ಮೂರು ಭಾಷೆಗಳ ನಂಟಸ್ತಿಕೆಯ ಮಾತು ಬೀಳುತ್ತದೆ. ಮೂರೂ ಸಂಸಾರವನ್ನು ಬೇರೆ ಬೇರೆ ರೀತಿಯಲ್ಲಿ ವಿಂಗಡಿಸುತ್ತವೆ.

ಇಂಗ್ಲಿಷಿನ ‘ಕಸಿನ್’ ಎಂಬ ಮಾತನ್ನು ನೋಡೋಣ. ತಂದೆಯ ಅಣ್ಣತಮ್ಮಂದಿರ ಮಕ್ಕಳು, ತಂದೆಯ ಅಕ್ಕತಂಗಿಯರ ಮಕ್ಕಳು, ತಾಯಿಯ ಅಣ್ಣತಮ್ಮಂದಿರ ಮಕ್ಕಳು, ತಾಯಿಯ ಅಕ್ಕತಂಗಿಯರ ಮಕ್ಕಳು, ಹೀಗೆ ನಾಲ್ಕು ಕವಲು. ಒಂದೊಂದರಲ್ಲಿ ಗಂಡು ಹೆಣ್ಣು ಎಂದರೆ ಎಂಟು ಬಗೆ. ಎಂಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು. ಮರಾಠಿಯಲ್ಲಿ ನಾಲ್ಕು ಕವಲಿಗೂ ನಾಲ್ಕು ಹೆಸರು: ಚುಲತಭಾವೂ, ಆತೇಭಾವೂ, ಮಾಮೇಭಾವೂ, ಮಾವಸಭಾವೂ. ಹೆಸರು ನಾಲ್ಕಾದರೂ ಕೊನೆಯಲ್ಲಿ ಎಲ್ಲರೂ ‘ಭಾವೂ’, ಎಂದರೆ ಅಣ್ಣತಮ್ಮಂದಿರು, ಹೆಣ್ಣಾದರೆ ‘ಬಹೀಣ’. ಕನ್ನಡ ಹಾಗೆ ಮಾಡುವುದಿಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳೂ ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಸೋದರಮಾವನ, ಸೋದರತ್ತೆಯ ಮಕ್ಕಳೋ ಭಾವ, ಮೈದುನ, ಅತ್ತಿಗೆ, ನಾದಿನಿ. ಅರ್ಧ ಜನರನ್ನು ಒಡಹುಟ್ಟಿದವರ ಪಂಕ್ತಿಯಲ್ಲಿ ಕೂರಿಸಿದೆವು. ಉಳಿದರ್ಧ ಜನರನ್ನು ಬೀಗರ ಪಂಕ್ತಿಯಲ್ಲಿ.

ಪರೀಕ್ಷೆಯಲ್ಲಿ ಇದರಿಂದ ಲಾಭವೂ ಉಂಟು, ಅಪಾಯವೂ ಉಂಟು. ಅಪಾಯವನ್ನು ಮೊದಲು ಹೇಳುತ್ತೇನೆ. ಮನೆಯಲ್ಲಿ ದೊಡ್ಡಪ್ಪನ ಮಗನನ್ನು ‘ಅಣ್ಣ’ ಎಂದು ಕರೆಯುವ ಹುಡುಗನು ಪತ್ರಿಕೆಯಲ್ಲಿ ಅವನನ್ನು ಸೋದರನೆಂದೇ ಗುರುತಿಸಿ ಬರುತ್ತಾನೆ. ಪ್ರಶ್ನೆ ಮಾಡಿದವರಿಗೆ ಸೋದರನೆಂದರೆ ಒಂದೇ ತಂದೆ ತಾಯಿಗಳ ಮಗ ಮಾತ್ರ. ‘ಸೊಸೆ’ ಎಂದರೆ ನಮ್ಮಲ್ಲಿ ಮಗನ ಹೆಂಡತಿಯೂ ಹೌದು, ಗಂಡಸಿಗಾದರೆ ಅಕ್ಕತಂಗಿಯರ ಮಗಳೂ ಹೌದು. ‘ಅಳಿಯ’ನೂ ಹಾಗೆಯೇ. ಪರೀಕ್ಷೆಯಲ್ಲಿ ಇವರು ಬೇರೆ ಬೇರೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಇನ್ನು ಲಾಭ. ಇಂಗ್ಲಿಷಿನ ‘ಸಿಸ್ಟರ್-ಇನ್-ಲಾ’ ಎಂಬುದು ಬಂದಾಗ ಹುಡುಗರಿಗೆ ಎದೆ ಡವಗುಟ್ಟುತ್ತದೆ. ಅಣ್ಣನ ಹೆಂಡತಿ ಅತ್ತಿಗೆ. ಗಂಡನ ತಂಗಿ ನಾದಿನಿ. ಗಂಡನ ತಮ್ಮನ ಹೆಂಡತಿ ಓರಗಿತ್ತಿ, ಉತ್ತರ ಕರ್ನಾಟಕದವರಿಗೆ ನೆಗೆಣ್ಣಿ. ಇವರೆಲ್ಲರೂ ಆ ಒಂದು ಮಾತಿನ ಹೊಟ್ಟೆಯಲ್ಲಿದ್ದಾರೆ. ಕನ್ನಡದ ಹೆಸರು ತಿಳಿದ ಹುಡುಗಿ ಚಿತ್ರದಲ್ಲಿ ಪ್ರತಿಯೊಬ್ಬಳನ್ನೂ ಅವಳವಳ ಸ್ಥಾನದಲ್ಲಿ ಕೂರಿಸಬಲ್ಲಳು. ಹೆಂಡತಿಯ ತಂಗಿಯ ಗಂಡನಿಗೆ ನಮ್ಮಲ್ಲಿ ‘ಷಡ್ಡಕ’ ಎಂಬ ಮಾತಿದೆ, ಮರಾಠಿಯಲ್ಲಿ ‘ಸಾಡೂ’ ಇದೆ; ಮಗಳನ್ನು ಕೊಟ್ಟ ಮನೆಯ ಹಿರಿಯರಿಗೆ ನಮ್ಮಲ್ಲಿ ‘ಬೀಗರು’, ಮರಾಠಿಯಲ್ಲಿ ‘ವ್ಯಾಹೀ’. ಇಂಗ್ಲಿಷಿನವನು ಇವರನ್ನು ಒಂದು ಮಾತಿನಲ್ಲಿ ಕರೆಯಲಾರ, ವಿವರಿಸಿಯೇ ಹೇಳಬೇಕು. ಆದುದರಿಂದ ನನ್ನ ಸಲಹೆ ಇಷ್ಟು: ಯೋಚಿಸುವಾಗ ಕನ್ನಡದಲ್ಲಿ ಯೋಚಿಸಿರಿ, ಉತ್ತರ ಗುರುತಿಸುವಾಗ ಪತ್ರಿಕೆಯ ಭಾಷೆಗೆ ಬದಲಿಸಿಕೊಳ್ಳಿರಿ.

ಕನ್ನಡ ಹೀಗೆ ವಿಂಗಡಿಸಿದ್ದಕ್ಕೆ ಕಾರಣವೇನು? ಅದನ್ನು ವಿಚಾರ ಮಾಡಿದವರೊಬ್ಬರು ನಮ್ಮ ಈ ಊರಿನಲ್ಲೇ ಇದ್ದರು. ಇರಾವತಿ ಕರ್ವೆಯವರು 1905ರಲ್ಲಿ ಬರ್ಮಾದಲ್ಲಿ ಹುಟ್ಟಿ, ಅಲ್ಲಿಯ ನದಿಯ ಹೆಸರನ್ನೇ ಹೊತ್ತು ಬಂದವರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಬಹುಕಾಲ ಸಮಾಜಶಾಸ್ತ್ರ, ಮಾನವಶಾಸ್ತ್ರಗಳ ವ್ಯಾಸಂಗ ನಡೆಸಿ 1970ರಲ್ಲಿ ತೀರಿಕೊಂಡರು. ಭಾರತದ ನಂಟಸ್ತಿಕೆಯ ವ್ಯವಸ್ಥೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1953ರಲ್ಲಿ ಪ್ರಕಟವಾಯಿತು. ಉತ್ತರದವರು ಹೆಣ್ಣನ್ನು ಗೊತ್ತಿಲ್ಲದ ಮನೆಗೆ ಕೊಡುತ್ತಾರೆ, ದಕ್ಷಿಣದವರು ಗೊತ್ತಿರುವ ಮನೆಗೇ ಮತ್ತೆ ಕೊಡುತ್ತಾರೆ ಎಂಬ ಭೇದವನ್ನು ಅವರು ವಿಸ್ತಾರವಾಗಿ ತೋರಿಸಿದರು. ಕರ್ನಾಟಕವನ್ನು ದಕ್ಷಿಣದ ವಲಯದಲ್ಲೂ, ಎರಡೂ ಕಡೆಯ ಲಕ್ಷಣಗಳುಳ್ಳ ಮಹಾರಾಷ್ಟ್ರವನ್ನು ನಡುವಣ ವಲಯದಲ್ಲೂ ಇರಿಸಿದರು. ಸೋದರಮಾವನ ಮಗಳನ್ನು ತರುವ ಪದ್ಧತಿ ಮಹಾರಾಷ್ಟ್ರದ ಹಲವು ಸಮುದಾಯಗಳಲ್ಲೂ ಉಂಟಷ್ಟೆ. ಅದಕ್ಕೂ ಹಿಂದೆ, 1871ರಲ್ಲಿ, ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಿದ್ವಾಂಸನು ಲೋಕದ ನಾನಾ ಜನಾಂಗಗಳ ಬಂಧುವಾಚಕಗಳನ್ನು ಕೂಡಿಸಿ ದೊಡ್ಡದೊಂದು ಗ್ರಂಥವನ್ನು ಹೊರತಂದನು. ಅದರ ಪಟ್ಟಿಗಳಲ್ಲಿ ತಮಿಳು, ತೆಲುಗುಗಳ ಜತೆಗೆ ಕನ್ನಡವೂ ಇದೆ. ನಮ್ಮ ಅಜ್ಜಿಯರು ಅಡಿಗೆಮನೆಯಲ್ಲಿ ಆಡುತ್ತಿದ್ದ ಮಾತುಗಳು ಹೀಗೆ ಶಾಸ್ತ್ರಕ್ಕೆ ವಿಷಯವಾದವು.

ಕಾರಣ ಮದುವೆಯೇ. ಸೋದರಮಾವನ ಮಗನನ್ನೋ ಸೋದರತ್ತೆಯ ಮಗನನ್ನೋ ವರಿಸುವ ರೂಢಿಯಿದ್ದಲ್ಲಿ ಸೋದರಮಾವ ಗಂಡನ ತಂದೆಯಾಗುತ್ತಾನೆ, ತಂದೆಯ ಅಕ್ಕ ಗಂಡನ ತಾಯಿಯಾಗುತ್ತಾಳೆ. ಇಬ್ಬಿಬ್ಬರಿಗೆ ‘ಮಾವ’, ‘ಅತ್ತೆ’ ಎಂಬ ಒಂದೊಂದೇ ಹೆಸರು ಸಾಕಾಯಿತು. ಸೋದರಮಾವನನ್ನೇ ಮದುವೆಯಾಗುವ ರೂಢಿಯೂ ನಮ್ಮಲ್ಲಿ ಹಲವು ಕಡೆ ಇತ್ತು, ಕೆಲವೆಡೆ ಇನ್ನೂ ಇದೆ. 1955ರ ಹಿಂದೂ ವಿವಾಹ ಕಾಯಿದೆ ಇಂಥ ಸಂಬಂಧವನ್ನು ನಿಷಿದ್ಧಗಳ ಪಟ್ಟಿಯಲ್ಲಿ ಸೇರಿಸಿಯೂ, ರೂಢಿ ಒಪ್ಪುವಲ್ಲಿ ವಿನಾಯಿತಿ ಇಟ್ಟಿತು. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಮಕ್ಕಳಿಗೆ ಕೆಲವು ಆನುವಂಶಿಕ ರೋಗಗಳು ಬರುವ ಸಂಭವ ಹೆಚ್ಚೆಂದು ವೈದ್ಯರು ಎಚ್ಚರಿಸುತ್ತಾರೆ. ಅದನ್ನು ಕೇಳುವುದು ಲೇಸು. ನಾನು ಹೇಳುತ್ತಿರುವುದು ಒಗಟಿನ ಮಾತು. ಒಬ್ಬ ಮಗು ಒಬ್ಬ ವೃದ್ಧೆಯನ್ನು ತೋರಿಸಿ, ‘ಈಕೆ ನನ್ನ ತಾಯಿಯ ತಾಯಿ, ನನ್ನ ತಂದೆಯ ಅಕ್ಕನೂ ಹೌದು’ ಎಂದರೆ ಪ್ರಶ್ನೆಯಲ್ಲೇ ತಪ್ಪಿದೆಯೆಂದು ಉತ್ತರದ ಹುಡುಗನು ಬಿಟ್ಟುಬಿಟ್ಟಾನು. ನಮ್ಮ ಹಳ್ಳಿಯ ಮುದುಕಿಯೊಬ್ಬಳು ಎಲೆಯಡಿಕೆ ಮೆಲ್ಲುತ್ತ, ‘ಅವರವ್ವ ತನ್ನ ಸೋದರಮಾವನ್ನೇ ಮದುವ್ಯಾಗ್ಯಾಳ, ಅಷ್ಟ’ ಎಂದು ಹೇಳಿ ಮುಗಿಸುತ್ತಾಳೆ.

ಈ ಜಾತಿಯ ಒಗಟು ಹೊಸದೆಂದು ಯಾರೂ ತಿಳಿಯಬೇಡಿರಿ. ಕಾಶ್ಮೀರದ ಸೋಮದೇವನು 11ನೆಯ ಶತಮಾನದಲ್ಲಿ ರಚಿಸಿದ ಕಥಾಸರಿತ್ಸಾಗರದಲ್ಲಿ ಬೇತಾಳನ ಕಥೆಗಳಿವೆ. ರಾಜನು ಉತ್ತರ ಬಲ್ಲವನಾಗಿ ಬಾಯಿಬಿಟ್ಟಾಗಲೆಲ್ಲ ಬೇತಾಳ ಹಾರಿಹೋಗಿ ಮರಕ್ಕೆ ಜೋತುಬೀಳುತ್ತಾನೆ. ಆದರೆ ಕಡೆಯ ಪ್ರಶ್ನೆಗೆ ಮಾತ್ರ ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಆ ಪ್ರಶ್ನೆ ರಕ್ತಸಂಬಂಧದ್ದು! ಒಬ್ಬ ತಂದೆ, ಅವನ ಮಗ. ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗಳನ್ನು ಕಂಡರು. ದೊಡ್ಡ ಹೆಜ್ಜೆಯವಳು ಹಿರಿಯಳು, ಅವಳು ತಂದೆಗೆ. ಚಿಕ್ಕ ಹೆಜ್ಜೆಯವಳು ಕಿರಿಯಳು, ಅವಳು ಮಗನಿಗೆ ಎಂದು ಮಾತು ಮಾಡಿಕೊಂಡರು. ನೋಡಿದರೆ ಅವರು ತಾಯಿ ಮಗಳು. ಚಿಕ್ಕ ಹೆಜ್ಜೆ ತಾಯಿಯದಾಗಿತ್ತು. ಕೊಟ್ಟ ಮಾತಿಗೆ ತಪ್ಪದೆ ತಂದೆ ಮಗಳನ್ನೂ, ಮಗ ತಾಯಿಯನ್ನೂ ಮದುವೆಯಾದರು. ಹೇಳದ್ದನ್ನು ಊಹಿಸಿದವರ ಗತಿ ಅಲ್ಲಿಯೂ ಹೀಗೆಯೇ ಆಯಿತು. ಎರಡು ಜೋಡಿಗೂ ಮಕ್ಕಳಾದರೆ ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು?

ಹಲಗೆಯ ಮೇಲೆ ಚೌಕ ವೃತ್ತಗಳನ್ನು ಬರೆದು ನೋಡೋಣ. ಇಬ್ಬರೂ ಗಂಡುಮಕ್ಕಳೆಂದೇ ಇಟ್ಟುಕೊಳ್ಳೋಣ. ತಂದೆಗೆ ಹುಟ್ಟಿದವನನ್ನು ಮೊದಲನೆಯವನೆಂದೂ, ಮಗನಿಗೆ ಹುಟ್ಟಿದವನನ್ನು ಎರಡನೆಯವನೆಂದೂ ಕರೆಯೋಣ. ಮೊದಲನೆಯವನಿಗೆ ಆ ಮಗನು ತಂದೆಯ ಕಡೆಯಿಂದ ಅಣ್ಣ. ಅಣ್ಣನ ಮಗನೇ ಎರಡನೆಯವನು. ಆದುದರಿಂದ ಮೊದಲನೆಯವನು ಎರಡನೆಯವನಿಗೆ ಚಿಕ್ಕಪ್ಪ. ಈಗ ಹೆಂಗಸರ ಕಡೆಯಿಂದ ಬನ್ನಿ. ಎರಡನೆಯವನಿಗೆ ಆ ಮಗಳು ತಾಯಿಯ ಕಡೆಯಿಂದ ಅಕ್ಕ. ಅಕ್ಕನ ಮಗನೇ ಮೊದಲನೆಯವನು. ಆದುದರಿಂದ ಎರಡನೆಯವನು ಮೊದಲನೆಯವನಿಗೆ ಸೋದರಮಾವ. ಒಬ್ಬನು ಚಿಕ್ಕಪ್ಪ, ಮತ್ತೊಬ್ಬನು ಸೋದರಮಾವ, ಕೇಳಿದ್ದು ಇಷ್ಟೇ! ಇಂಗ್ಲಿಷಿನಲ್ಲಿ ಹೇಳಿದರೆ ಇಬ್ಬರೂ ಇಬ್ಬರಿಗೂ ‘ಅಂಕಲ್’ ಎಂಬ ವಿಚಿತ್ರವಷ್ಟೇ ಉಳಿಯುತ್ತದೆ. ಯಾವ ದಾರಿಯಿಂದ ಹಾಗಾಯಿತೆಂಬುದು ಕನ್ನಡದಲ್ಲಿ ಮಾತಿನಲ್ಲೇ ಕಾಣುತ್ತದೆ. ರಾಜನಿಗೆ ಒಂದು ಹಲಗೆ, ಒಂದು ಸೀಮೆಸುಣ್ಣ ಸಿಕ್ಕಿದ್ದರೆ ಉತ್ತರ ಹೇಳಿಬಿಡುತ್ತಿದ್ದ. ಬೇತಾಳ ಮತ್ತೆ ಮರ ಹತ್ತುತ್ತಿದ್ದ.

ಇನ್ನು, ಈ ವಿಷಯವನ್ನು ಆರಿಸಿಕೊಂಡ ಕಾರಣ. ನನಗೆ ಪರಿಚಯದ ಒಂದು ಮನೆಯಲ್ಲಿ ನಡೆದದ್ದು, ಹೆಸರು ಬೇಡ. ತಂದೆ ತಾಯಿ ಧಾರವಾಡದ ಕಡೆಯವರು. ಮಗ ಪುಣೆಯಲ್ಲೇ ಹುಟ್ಟಿ ಬೆಳೆದವನು, ಬುದ್ಧಿವಂತ. ತರ್ಕದ ಪತ್ರಿಕೆಯ ಅಭ್ಯಾಸದಲ್ಲಿ ರಕ್ತಸಂಬಂಧದ ಒಂದು ಪ್ರಶ್ನೆಯನ್ನೂ ತಪ್ಪಿಸುತ್ತಿರಲಿಲ್ಲ. ಒಂದು ಸಂಜೆ ಅವನು ಒಬ್ಬನೇ ಮನೆಯಲ್ಲಿದ್ದಾಗ ಊರಿನಿಂದ ಕರೆ ಬಂತು. ಯಾರದೋ ಬೇರೆಯವರ ಮೊಬೈಲು. ಹೇಳಬೇಕಾದದ್ದನ್ನು ಅವಸರದಲ್ಲಿ ಹೇಳಿ ಇಟ್ಟರು. ಹುಡುಗ ಕಚೇರಿಯಲ್ಲಿದ್ದ ತಂದೆಗೆ ತಿಳಿಸಿದ: ‘ಊರಲ್ಲಿ ಅಂಕಲ್‌ಗೆ ಹುಷಾರಿಲ್ಲವಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ.’ ಯಾವ ಅಂಕಲ್? ಹುಡುಗನಿಗೆ ಗೊತ್ತಿಲ್ಲ. ಅವನಿಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯ ಗಂಡ, ಎದುರು ಮನೆಯವರು ಎಲ್ಲರೂ ಅಂಕಲ್. ಕರೆ ಬಂದ ನಂಬರಿಗೆ ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ತಂದೆ ತನ್ನ ಅಣ್ಣನ ಮನೆಗೆ ಮಾಡಿದರು, ತಮ್ಮನ ಮನೆಗೆ ಮಾಡಿದರು, ಎಲ್ಲರೂ ಕ್ಷೇಮ. ಕಾಯಿಲೆಯಾದವರು ತಾಯಿಯ ಅಣ್ಣನೆಂದು ಗೊತ್ತಾಗುವ ಹೊತ್ತಿಗೆ ರಾತ್ರಿಯ ಬಸ್ಸು ಹೋಗಿತ್ತು. ಆ ತಾಯಿ ಬೆಳಗಿನವರೆಗೆ ಅಡಿಗೆಮನೆಯ ದೀಪ ಆರಿಸದೆ ಕುಳಿತಿದ್ದಳು. ದೇವರು ದೊಡ್ಡವನು, ಅಣ್ಣ ಗುಣಮುಖನಾದ. ಆದರೆ ಆ ರಾತ್ರಿಯನ್ನು ಅವಳು ಮರೆತಿಲ್ಲ, ಹುಡುಗನೂ ಮರೆತಿಲ್ಲ.

ಈ ಹುಡುಗನನ್ನು ನಾನು ದೂರುವುದಿಲ್ಲ. ಕಾಗದದ ಮೇಲಿನ ಅಪರಿಚಿತರ ಸಂಬಂಧವನ್ನು ಬಿಡಿಸಲು ಅವನಿಗೆ ನಾವು ಹಣ ಕೊಟ್ಟು ಕಲಿಸಿದೆವು. ತನ್ನ ತಾಯಿಯ ಅಣ್ಣನನ್ನು ಏನೆಂದು ಕರೆಯಬೇಕೆಂಬುದನ್ನು ಕಲಿಸಲಿಲ್ಲ. ಊರಿನಲ್ಲಿದ್ದಾಗ ಕಲಿಸಬೇಕಾಗಿಯೇ ಇರಲಿಲ್ಲ. ಮದುವೆಮನೆಯಲ್ಲಿ ಅಜ್ಜಿ ಕೈಹಿಡಿದು ಎಳೆದೊಯ್ದು, ‘ಇವರು ಯಾರು ಹೇಳು ನೋಡೋಣ? ನನ್ನ ತಮ್ಮನ ಸೊಸೆ, ನಿನಗೇನಾಗಬೇಕು?’ ಎಂದು ಕೇಳುತ್ತಿದ್ದಳು. ಅದೇ ನಮ್ಮ ತರ್ಕಶಾಲೆ. ಪುಣೆಯ ಎರಡು ಕೋಣೆಯ ಮನೆಯಲ್ಲಿ ಅಜ್ಜಿಯಿಲ್ಲ. ಆ ಕೆಲಸ ತಂದೆ ತಾಯಿಗಳ ಮೇಲೆ ಬಿದ್ದಿದೆ. ಮಾತು ಯಾವ ಸೀಮೆಯದಾದರೂ ಆಗಲಿ. ಧಾರವಾಡದವರ ಕಾಕಾ, ಮಾಮಾ, ಮಾವಶಿಯೂ ಸರಿ. ಮೈಸೂರಿನವರ ಚಿಕ್ಕಪ್ಪ, ಸೋದರಮಾವ, ಚಿಕ್ಕಮ್ಮನೂ ಸರಿ. ಮರಾಠಿಯ ಮಾತು ಬಂತೆಂದು ಅಳುಕುವುದೂ ಬೇಡ. ಅದೂ ಆಳುಗಳನ್ನು ಗುರುತಿಸಿಯೇ ಹೇಳುತ್ತದೆ. ಯಾರನ್ನೂ ಗುರುತಿಸದ ‘ಅಂಕಲ್ ಆಂಟಿ’ಗಳನ್ನು ಮಾತ್ರ ಬೀದಿಯ ಪರಿಚಯದವರಿಗೆ ಬಿಟ್ಟುಬಿಡೋಣ.

ಭಾಷೆಗೆ ಇದರಿಂದ ಒಂದು ಪ್ರಯೋಜನವೂ ಉಂಟು. ಬ್ಯಾಂಕುಗಳ ಗುಮಾಸ್ತರ ನೇಮಕದ ಪರೀಕ್ಷೆಗಳನ್ನು ಇಂಗ್ಲಿಷ್ ಹಿಂದಿಗಳ ಜತೆಗೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯವು 2021ರಲ್ಲಿ ತೀರ್ಮಾನಿಸಿತು. ಅವುಗಳಲ್ಲಿ ಕನ್ನಡವೂ ಒಂದು. ಪತ್ರಿಕೆ ಕನ್ನಡದಲ್ಲಿ ಬಂದಾಗ ನಮ್ಮ ಮಕ್ಕಳು ‘ನಾದಿನಿ ಎಂದರೇನು?’ ಎಂದು ಪಕ್ಕದವರನ್ನು ಕೇಳುವಂತೆ ಆಗಬಾರದು.

ಕೊನೆಯದಾಗಿ ಒಂದು ವಿನಂತಿ. ಈ ಸಮಾರಂಭವಾದ ಮೇಲೆ ಊಟವಿದೆ. ಪಂಕ್ತಿಯಲ್ಲಿ ಕುಳಿತಾಗ ಪ್ರತಿಯೊಬ್ಬ ತಂದೆ ತಾಯಿಯೂ ತಮ್ಮ ಮಗುವಿಗೆ ಒಂದು ಪ್ರಶ್ನೆ ಕೇಳಬೇಕು: ‘ನಿನ್ನ ತಾಯಿಯ ಅತ್ತಿಗೆಯ ಗಂಡನ ತಂದೆ ನಿನಗೇನಾಗಬೇಕು?’ ಮಗು ಒಂದು ಉತ್ತರ ಹೇಳಿದರೆ, ‘ಅತ್ತಿಗೆ ಎಂದರೆ ಅಣ್ಣನ ಹೆಂಡತಿಯೋ, ಗಂಡನ ಅಕ್ಕನೋ?’ ಎಂದು ಮರುಪ್ರಶ್ನೆ ಹಾಕಿರಿ. ಎಲೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಲೆಕ್ಕ ಮಾಡಿದರೆ ಬಯ್ಯಬೇಡಿರಿ. ಉತ್ತರ ಬಂದ ಮೇಲೆ, ಆ ಹಿರಿಯರು ಊರಿನಲ್ಲಿ ಇದ್ದರೆ, ನಾಳೆ ಬೆಳಿಗ್ಗೆ ಮಗುವಿನ ಕೈಯಿಂದಲೇ ಅವರಿಗೊಂದು ಕರೆ ಮಾಡಿಸಿರಿ.